ಗೋಡೆ ಎದ್ದ ಮಾತ್ರಕ್ಕೆ ಮನೆಯಾಗದು

(ಮಲೆನಾಡಿನ ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)



ಕೃಷ್ಣೆ ಹುಟ್ಟುವುದು ಮಹಾಬಲೇಶ್ವರದಲ್ಲಿ, ಭೀಮೆ ಹುಟ್ಟುವುದು ಭೀಮಾಶಂಕರದಲ್ಲಿ. ಎರಡೂ ಸಹ್ಯಾದ್ರಿಯ ಮಕ್ಕಳು. ಬೆಟ್ಟವಿಳಿದು ಪೂರ್ವಕ್ಕೆ ಸಾಗುವ ಈ ನದಿಗಳು ವಿಜಯಪುರ ಜಿಲ್ಲೆಯಲ್ಲಿ ಮತ್ತೆ ಹತ್ತಿರವಾಗುತ್ತವೆ. ಭೀಮೆಯು ಇಂಡಿ ಮತ್ತು ಸಿಂದಗಿ ಸೀಮೆಯ ಉತ್ತರದ ಅಂಚಿನಲ್ಲಿ ಹರಿದರೆ, ಕೃಷ್ಣೆಯು ಬಸವನ ಬಾಗೇವಾಡಿ ಮತ್ತು ಮುದ್ದೇಬಿಹಾಳ ಸೀಮೆಯ ದಕ್ಷಿಣದ ಅಂಚಿನಲ್ಲಿ ಹರಿಯುತ್ತದೆ. ಇವೆರಡರ ನಡುವೆ ಡೋಣಿ ನದಿಯ ಕೊಳ್ಳವಿದೆ. ಅಲ್ಲಿ ಬೆಳೆ ಚೆನ್ನಾಗಿ ಬಂದರೆ ಓಣಿಯೆಲ್ಲ ಕಾಳು ಎಂಬುದು ಆ ಭಾಗದ ಜನರ ಮಾತು. 2018ರಲ್ಲಿ ಚಡಚಣ, ದೇವರ ಹಿಪ್ಪರಗಿ, ತಾಳಿಕೋಟೆ, ನಿಡಗುಂದಿ, ಕೊಲ್ಹಾರ ಮುಂತಾದ ಹೊಸ ತಾಲ್ಲೂಕುಗಳು ಈ ನಾಲ್ಕರಿಂದ ಬೇರೆಯಾದವು. ಇಲ್ಲಿ ನಾಲ್ಕು ಹೆಸರುಗಳನ್ನು ಹಳೆಯ, ವಿಶಾಲ ಅರ್ಥದಲ್ಲಿಯೇ ಬಳಸಲಾಗಿದೆ.

ಮಲೆನಾಡಿನ ಸಭೆಯಲ್ಲಿ ಬಯಲುಸೀಮೆಯ ಮನೆಗಳ ವಿಚಾರವೇಕೆ ಎಂಬ ಪ್ರಶ್ನೆ ಸಹಜ. 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಕುಸಿದ ಮೇಲೆ, ಮನೆ ಕಳೆದುಕೊಂಡವರನ್ನು ಎಲ್ಲಿ ನೆಲೆಗೊಳಿಸಬೇಕು, ಮನೆ ಯಾರು ಕಟ್ಟಬೇಕು, ಎಷ್ಟು ದೊಡ್ಡದಿರಬೇಕು ಎಂಬ ಚರ್ಚೆಗಳು ನಡೆದವು. ಇದೇ ಪ್ರಶ್ನೆಗಳು ಕೃಷ್ಣಾ ಮತ್ತು ಭೀಮಾ ತೀರದಲ್ಲಿ ಅದಕ್ಕೂ ಒಂಬತ್ತು ವರ್ಷ ಮೊದಲೇ ಎದ್ದಿದ್ದವು. ಅಲ್ಲಿ ದೊರೆತ ಉತ್ತರಗಳಲ್ಲಿ ಕೆಲವು ಅನುಸರಿಸಲು ಯೋಗ್ಯ, ಕೆಲವು ಎಚ್ಚರಿಕೆಗೆ ಯೋಗ್ಯ.

ವಿಜಯಪುರ ಜಿಲ್ಲೆಯಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 600 ಮಿಲಿಮೀಟರ್. ಮಲೆನಾಡಿನಲ್ಲಿ ಆಷಾಢದ ಕೆಲವು ದಿನಗಳಲ್ಲಿ ಸುರಿಯುವಷ್ಟು ಮಳೆ ಅಲ್ಲಿ ಇಡೀ ವರ್ಷದ ಪಾಲು. 2009ರ ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ಮೊದಲ ದಿನಗಳಲ್ಲಿ ಉತ್ತರ ಕರ್ನಾಟಕದ ಮೇಲೆ ಎಡೆಬಿಡದೆ ಮಳೆ ಸುರಿಯಿತು. ರಾಜ್ಯದಲ್ಲಿ 200ಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು, ಲಕ್ಷಾಂತರ ಮನೆಗಳಿಗೆ ಹಾನಿಯಾಯಿತು. ಹೊಳೆಯ ದಂಡೆಯ ಮನೆಗಳಷ್ಟೇ ಹೋದವೆಂದು ತಿಳಿಯಬಾರದು. ನದಿಯಿಂದ ಬಹುದೂರದ ಊರುಗಳಲ್ಲಿಯೂ ಮನೆಗಳು ಕುಸಿದವು. ಇದಕ್ಕೆ ಕಾರಣ ಮಾಳಿಗೆಯ ಮಣ್ಣಿನಲ್ಲಿದೆ.

ಆ ಸೀಮೆಯ ಹಳೆಯ ಮನೆಗೆ ಕಲ್ಲು ಮಣ್ಣಿನ ದಪ್ಪ ಗೋಡೆ, ಮರದ ತೊಲೆ ಜಂತಿ, ಅದರ ಮೇಲೆ ಮಣ್ಣಿನ ಮಾಳಿಗೆ. ಬೇಸಿಗೆಯ ಉರಿಬಿಸಿಲಿಗೆ ಇದಕ್ಕಿಂತ ತಂಪಾದ ಮನೆ ಬೇರಿಲ್ಲ. ಆದರೆ ಲೆಕ್ಕ ಹಾಕಿ ನೋಡಿ: ಹತ್ತಡಿ ಉದ್ದ, ಹತ್ತಡಿ ಅಗಲದ ಕೋಣೆಯ ಮೇಲೆ ಒಂದಡಿ ಮಣ್ಣಿದ್ದರೆ ಅದು 100 ಘನ ಅಡಿ. ಒಣಗಿದಾಗಲೇ ಅದರ ತೂಕ ಸುಮಾರು 4 ಟನ್. ನಾಲ್ಕು ದಿನ ಬಿಡದೆ ನೀರು ಕುಡಿದರೆ ತೂಕ 5 ಟನ್ ದಾಟುತ್ತದೆ. ಅದೇ ನೀರು ಗೋಡೆಯೊಳಗಿನ ಮಣ್ಣಿನ ಗಾರೆಯನ್ನೂ ಮೆತ್ತಗಾಗಿಸುತ್ತದೆ. ಮೇಲಿನ ಭಾರ ಹೆಚ್ಚುತ್ತದೆ, ಕೆಳಗಿನ ಬಲ ಕುಗ್ಗುತ್ತದೆ. ಪ್ರತಿವರ್ಷ ಮಾಳಿಗೆಗೆ ಮಣ್ಣು ಹಾಕಿ, ಧಮ್ಮಸ್ಸು ಮಾಡಿ, ನೀರು ಜಾರುವ ಇಳಿಜಾರನ್ನು ಸರಿಪಡಿಸುತ್ತಿದ್ದ ಮನೆಗಳು ಹೆಚ್ಚು ತಾಳಿಕೊಳ್ಳುತ್ತವೆ. ದುಡಿಯಲು ಗುಳೆ ಹೋದವರ, ಒಂಟಿ ಮುದುಕಿಯರ, ಕೂಲಿಕಾರರ ಮನೆಗಳಿಗೆ ಆ ಆರೈಕೆ ಎಲ್ಲಿಯದು? ಮಳೆ ಎಲ್ಲರ ಮೇಲೆ ಒಂದೇ ಸಮನೆ ಬಿದ್ದರೂ ಮನೆಗಳು ಬೀಳುವುದು ಬಡತನದ ಲೆಕ್ಕದಲ್ಲಿ.

ಆ ವರ್ಷದ ದುರಂತದ ಬಳಿಕ ರಾಜ್ಯ ಸರ್ಕಾರ ‘ಆಸರೆ’ ಎಂಬ ಯೋಜನೆಯನ್ನು ಕೈಗೊಂಡಿತು. ಜಾಗ, ರಸ್ತೆ, ನೀರು, ವಿದ್ಯುತ್ತಿನ ಹೊಣೆ ಸರ್ಕಾರದ್ದು. ಮನೆ ಕಟ್ಟಲು ಉದ್ಯಮಗಳು, ಮಠಗಳು, ಸೇವಾ ಸಂಸ್ಥೆಗಳು ಕೈಜೋಡಿಸಿದವು. ನಾಡಿನ ಸಾಮಾನ್ಯ ಜನರೂ ತಮ್ಮ ದುಡಿಮೆಯ ಪಾಲು ಕೊಟ್ಟರು. ಇಷ್ಟು ವಿಸ್ತಾರವಾದ ಸಹಕಾರ ಕರ್ನಾಟಕದ ವಸತಿ ಇತಿಹಾಸದಲ್ಲಿ ಅಪರೂಪ. ಸಾವಿರಾರು ಕುಟುಂಬಗಳಿಗೆ ಎತ್ತರದ ನೆಲದಲ್ಲಿ ಸೂರು ದೊರೆತುದನ್ನು ಕೃತಜ್ಞತೆಯಿಂದಲೇ ನೆನೆಯಬೇಕು.

ಆದರೂ ಅನೇಕ ಕಡೆ ಆಸರೆ ಮನೆಗಳು ಖಾಲಿ ಉಳಿದವು, ಕೆಲವು ಅರ್ಧಕ್ಕೆ ನಿಂತವು. ಬಾಗಿಲು ಕಿಟಕಿ ಕಳೆದುಕೊಂಡ ಮನೆಗಳಲ್ಲಿ ಜಾಲಿ ಬೆಳೆಯಿತು. ಜನ ಹಳೆಯ ಊರಿನಲ್ಲಿಯೇ ಉಳಿದರು. ‘ಕೊಟ್ಟರೂ ಹೋಗದ ಜನ’ ಎಂಬ ದೂರು ಕೇಳಿಬಂತು. ಆ ದೂರನ್ನು ಒಪ್ಪುವ ಮೊದಲು ಮೂರು ಸಂಗತಿಗಳನ್ನು ಗಮನಿಸಬೇಕು.

ಮೊದಲನೆಯದು ನೆಲ. ಆ ನಾಲ್ಕೂ ತಾಲ್ಲೂಕುಗಳಲ್ಲಿ ಆಳವಾದ ಕಪ್ಪು ಎರೆಮಣ್ಣು ವಿಸ್ತಾರವಾಗಿ ಹರಡಿದೆ. ಅದರ ಜೇಡಿ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಕೈ ಇಳಿಯುವಷ್ಟು ಬಿರಿಯುತ್ತದೆ. ಹಿಂಗಾರಿ ಜೋಳಕ್ಕೆ ವರವಾದ ಈ ಗುಣವೇ ಮನೆಗೆ ಶಾಪ. ಕೆಳಗಿನ ಗರಸು ಸಿಗುವವರೆಗೆ ಅಗೆದು ತಳಪಾಯ ಹಾಕಬೇಕು. ಗರಸು ಬಹಳ ಆಳದಲ್ಲಿದ್ದರೆ ಎರೆ ತೆಗೆದು ಗರಸು ತುಂಬಿ, ಗೋಡೆಯ ಬುಡಕ್ಕೆ ಕಬ್ಬಿಣ ಕಟ್ಟಿದ ಕಾಂಕ್ರೀಟಿನ ಪಟ್ಟಿ ಕೊಡಬೇಕು. ಇದನ್ನು ಬಿಟ್ಟು ಎಲ್ಲ ಊರಿಗೂ ಒಂದೇ ನಕ್ಷೆಯಲ್ಲಿ ಅವಸರದಿಂದ ಕಟ್ಟಿದ ಮನೆ ಎರಡು ಬೇಸಿಗೆಯಲ್ಲಿ ಬಿರುಕು ಬಿಡುತ್ತದೆ. ಊರಿನ ಹಿರಿಯ ಒಕ್ಕಲಿಗನಿಗೆ ಯಾವ ಹೊಲದಲ್ಲಿ ಎಷ್ಟು ಆಳಕ್ಕೆ ಗರಸಿದೆ ಎಂಬುದು ಗೊತ್ತು. ಜಾಗ ಗೊತ್ತುಮಾಡುವಾಗ ಅವನನ್ನು ಕೇಳುವುದಕ್ಕೆ ಖರ್ಚೇನೂ ಇಲ್ಲ.

ಎರಡನೆಯದು ಬದುಕು. ಪ್ರಧಾನ ಮಂತ್ರಿ ಗ್ರಾಮೀಣ ಆವಾಸ್ ಯೋಜನೆಯಲ್ಲಿ ಮನೆಯ ಕನಿಷ್ಠ ವಿಸ್ತೀರ್ಣ 25 ಚದರ ಮೀಟರ್, ಎಂದರೆ ಸುಮಾರು 270 ಚದರ ಅಡಿ. ಮಲಗಲು ಇದು ಸಾಲಬಹುದು. ಆದರೆ ಜೋಳದ ಚೀಲ, ಎರಡೆತ್ತು, ಒಂದು ಎಮ್ಮೆ, ವರ್ಷದ ಕಣಿಕೆಯ ಬಣವೆ ಎಲ್ಲಿರಬೇಕು? ಹಳೆಯ ಮನೆಗಳಲ್ಲಿ ಬಾಗಿಲ ಒಳಗೇ ದನಗಳಿಗೆ ಜಾಗವಿರುತ್ತಿತ್ತು, ಅದಕ್ಕಿಂತ ಎತ್ತರದ ಪಡಸಾಲೆಯಲ್ಲಿ ಜನ ಇರುತ್ತಿದ್ದರು. ಒಕ್ಕಲುತನದ ಮನೆಯೆಂದರೆ ಉಗ್ರಾಣ, ಕೊಟ್ಟಿಗೆ, ಅಂಗಳ ಸೇರಿದ ಒಂದು ದುಡಿಮೆಯ ತಾಣ. ಹೊಲದಿಂದ ದೂರದಲ್ಲಿ, ಹಿತ್ತಿಲಿಲ್ಲದೆ, ಪೇಟೆಯ ಬಡಾವಣೆಯಂತೆ ಸಾಲಾಗಿ ಕಟ್ಟಿದ ಮನೆಗೆ ಅವನು ಹೋಗದಿದ್ದರೆ ಅದು ಹಟವಲ್ಲ, ಹೊಟ್ಟೆಪಾಡಿನ ಲೆಕ್ಕ.

ಇಂಡಿಯಿಂದ ಬಹುದೂರವಲ್ಲದ ಲಾತೂರು, ಉಸ್ಮಾನಾಬಾದ್ ಭಾಗದಲ್ಲಿ 1993ರ ಸೆಪ್ಟೆಂಬರ್ 30ರಂದು ಭೂಕಂಪವಾದಾಗಲೂ ಈ ಪಾಠ ದೊರೆತಿತ್ತು. ಅಲ್ಲಿ 52 ಹಳ್ಳಿಗಳನ್ನು ಪೂರ್ತಿಯಾಗಿ ಸ್ಥಳಾಂತರಿಸಲಾಯಿತು. ಉಳಿದ ಹಳ್ಳಿಗಳಲ್ಲಿ ಲಕ್ಷಕ್ಕೂ ಮಿಕ್ಕಿದ ಮನೆಗಳನ್ನು ಸರ್ಕಾರದ ನೆರವು ಮತ್ತು ಎಂಜಿನಿಯರರ ಸಲಹೆ ಪಡೆದು ಮನೆಯವರೇ ದುರಸ್ತಿ ಮಾಡಿಕೊಂಡರು, ಬಲಪಡಿಸಿಕೊಂಡರು. 2001ರ ಕಛ್ ಭೂಕಂಪದ ನಂತರ ಗುಜರಾತಿನಲ್ಲಿ ಈ ಎರಡನೆಯ ದಾರಿಯೇ ಮುಖ್ಯವಾಯಿತು. ಹಣ ಕಂತಿನಲ್ಲಿ, ತಿಳಿವಳಿಕೆ ಮೇಸ್ತ್ರಿಗಳ ತರಬೇತಿಯಲ್ಲಿ, ನಿರ್ಧಾರ ಮನೆಯವರ ಕೈಯಲ್ಲಿ. ದಾನಿಯ ಹೆಸರಿನ ಫಲಕ ಅಂಥ ಮನೆಗೆ ಇರಲಾರದು. ಆದರೆ ಒಳಗೆ ದೀಪ ಉರಿಯುತ್ತದೆ.

ಮೂರನೆಯದು, ಎಲ್ಲಕ್ಕಿಂತ ಮುಖ್ಯವಾದುದು, ಹಕ್ಕುಪತ್ರ. ಈ ಸೀಮೆಯ ತುಂಬ ಲಂಬಾಣಿ ತಾಂಡಾಗಳಿವೆ. ತಲೆಮಾರುಗಳಿಂದ ವಾಸವಿದ್ದರೂ ಅಡಿಗಿನ ನೆಲ ಖಾಸಗಿಯವರದೋ ಸರ್ಕಾರದ್ದೋ ಆಗಿದ್ದರಿಂದ, ದಾಖಲೆಯಲ್ಲಿ ಅವರು ಮನೆಯಿಲ್ಲದವರು. ನಿವೇಶನದ ಕಾಗದವಿಲ್ಲದವರಿಗೆ ಮನೆಯ ಅನುದಾನವಿಲ್ಲ, ಬ್ಯಾಂಕಿನ ಸಾಲವಿಲ್ಲ, ಮನೆ ಬಿದ್ದರೆ ಪರಿಹಾರಕ್ಕೂ ಪರದಾಟ. ಇಲ್ಲಿ ಮಲೆನಾಡಿಗೂ ಬಯಲಿಗೂ ಒಂದು ಗಟ್ಟಿ ನಂಟಿದೆ. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಸತ್ಯಾಗ್ರಹ ಹೂಡಿದರು. ಉಳುವವನೇ ನೆಲದೊಡೆಯ ಎಂಬ ಆ ಕಾಲದ ಆಶಯ 1974ರಲ್ಲಿ ಭೂಸುಧಾರಣೆ ಕಾಯ್ದೆಯ ತಿದ್ದುಪಡಿಯಾಗಿ ಬಲ ಪಡೆಯಿತು. ಅದೇ ನೆಲದ ಕಾಗೋಡು ತಿಮ್ಮಪ್ಪನವರು ಕಂದಾಯ ಸಚಿವರಾಗಿದ್ದಾಗ ‘ವಾಸಿಸುವವನೇ ಮನೆಯೊಡೆಯ’ ಎಂಬ ಮಾತು ಚಾಲ್ತಿಗೆ ಬಂತು. ಭೂಸುಧಾರಣೆ ಕಾಯ್ದೆಗೆ 38-ಎ ಸೇರ್ಪಡೆಯಾಗಿ, ತಾಂಡಾ ಹಟ್ಟಿಗಳ ನಿವಾಸಿಗಳಿಗೆ ಹಕ್ಕಿನ ದಾರಿ ತೆರೆಯಿತು. 2023ರ ಜನವರಿ 19ರಂದು ಕಲಬುರಗಿ ಜಿಲ್ಲೆಯ ಮಳಖೇಡದಲ್ಲಿ ಕಲಬುರಗಿ, ಯಾದಗಿರಿ, ರಾಯಚೂರು, ಬೀದರ ಹಾಗೂ ವಿಜಯಪುರ ಜಿಲ್ಲೆಗಳ ಸುಮಾರು 50,000 ಕುಟುಂಬಗಳಿಗೆ ಹಕ್ಕುಪತ್ರ ನೀಡಲಾಯಿತು. ಸರ್ಕಾರಗಳು ಬದಲಾದರೂ ಕೆಲಸ ಮುಂದುವರಿಯಿತು: 2025ರ ಮೇ 20ರಂದು ಹೊಸಪೇಟೆಯಲ್ಲಿ ಇನ್ನೂ ಒಂದು ಲಕ್ಷಕ್ಕೂ ಮಿಕ್ಕಿ ಹಕ್ಕುಪತ್ರಗಳ ವಿತರಣೆಯಾಯಿತು. ಕಾಗೋಡಿನ ಗದ್ದೆಬಯಲಿನಲ್ಲಿ ಬಿತ್ತಿದ ಮಾತು ತಾಂಡಾಗಳವರೆಗೆ ತಲುಪಲು 70 ವರ್ಷ ಬೇಕಾಯಿತು.

ಆದರೂ ಕೆಲಸ ಮುಗಿದಿಲ್ಲ. ಈ ತಾಲ್ಲೂಕುಗಳಿಂದ ಸಾವಿರಾರು ಜನ ದುಡಿಮೆಗಾಗಿ ಗೋವಾ, ಮಹಾರಾಷ್ಟ್ರಗಳಿಗೆ ಹೋಗುತ್ತಾರೆ. ಅಲ್ಲಿಯ ಸೂರು ಯಾವಾಗ ಬೇಕಾದರೂ ಹೋಗಬಹುದಾದದ್ದು. ವಾಸ್ಕೋದ ಬೈನಾ ಕಡಲತೀರದಲ್ಲಿ ಕನ್ನಡಿಗರ ಮನೆಗಳನ್ನು 2015ರಲ್ಲಿ ಕೆಡವಲಾಯಿತು. ಇತ್ತ ಸ್ವಂತ ಊರಿನಲ್ಲಿ ಮನೆಗಳ ಪಟ್ಟಿಗಾಗಿ ಗ್ರಾಮಸಭೆ ಸೇರುವ ದಿನ ಇವರು ಊರಲ್ಲಿರುವುದಿಲ್ಲ. ಹಾಜರಿಲ್ಲದವರ ಹೆಸರು ಪಟ್ಟಿಯಲ್ಲಿ ಹಿಂದೆ ಬೀಳುತ್ತದೆ. ಎರಡು ಕಡೆಯೂ ನೆಲೆಯಿಲ್ಲದವರು ಹೀಗೆ ಹುಟ್ಟುತ್ತಾರೆ.

ಇನ್ನು ಕೃಷ್ಣೆಯ ದಂಡೆ. ಆಲಮಟ್ಟಿ ಅಣೆಕಟ್ಟೆಯ ನೀರಿನ ಮಟ್ಟವನ್ನು 519.6 ಮೀಟರ್‌ನಿಂದ 524.256 ಮೀಟರ್‌ಗೆ ಏರಿಸಲು ಕೃಷ್ಣಾ ನ್ಯಾಯಮಂಡಳಿ 2010ರಲ್ಲಿ ಸಮ್ಮತಿಸಿತು. ಹದಿನೈದು ಅಡಿ ನೀರಿನ ಕೆಳಗೆ ಮತ್ತಷ್ಟು ಊರುಗಳಿವೆ. 2025ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸಚಿವ ಸಂಪುಟ ಮುಳುಗಡೆಯ ನೀರಾವರಿ ಜಮೀನಿಗೆ ಎಕರೆಗೆ 40 ಲಕ್ಷ ರೂಪಾಯಿ, ಒಣಭೂಮಿಗೆ 30 ಲಕ್ಷ ರೂಪಾಯಿ ಪರಿಹಾರ ನಿಗದಿಪಡಿಸಿತು. ಎಕರೆಯ ಲೆಕ್ಕದ ಪರಿಹಾರ ಎಕರೆ ಇದ್ದವನಿಗೆ ಸಲ್ಲುತ್ತದೆ. ಆ ಹೊಲದಲ್ಲಿ ಕಳೆ ಕೀಳುತ್ತಿದ್ದ, ಊರ ಅಂಚಿನ ಗುಡಿಸಲಿನಲ್ಲಿದ್ದ ಭೂಹೀನ ಹೆಣ್ಣುಮಗಳ ಮನೆ ಯಾವ ಲೆಕ್ಕಕ್ಕೆ ಸೇರಬೇಕು? ನೀರು ಏರುವ ಮೊದಲೇ ಉತ್ತರ ಸಿಗಬೇಕಾದ ಪ್ರಶ್ನೆಯಿದು. ಶರಾವತಿಯ ಮುಳುಗಡೆ ಸಂತ್ರಸ್ತರು ಹಕ್ಕಿನ ಕಾಗದಕ್ಕಾಗಿ ದಶಕಗಳ ಕಾಲ ಅಲೆದ ಕಥೆ ಮಲೆನಾಡಿಗರಿಗೆ ಹೇಳಬೇಕಾದುದಿಲ್ಲ.

ಹಾಗಾದರೆ ಮಾಡಬಹುದಾದುದೇನು? ಮಲೆನಾಡಿನಲ್ಲಿ ಮುಯ್ಯಾಳು ಪದ್ಧತಿಯಿದೆ. ಇಂದು ಅವನ ಗದ್ದೆಯ ನಾಟಿ, ನಾಳೆ ಇವನ ಮನೆಯ ಹೊದಿಕೆ. ವಸತಿಯ ಸಹಕಾರವೂ ಆ ರೀತಿಯದಾಗಬೇಕು. ಮನೆಯಿಲ್ಲದವರ ಪಟ್ಟಿಯನ್ನು ಗುಳೆ ಹೋದವರು ಹಬ್ಬಕ್ಕೆ ಮರಳಿದಾಗ ಗ್ರಾಮಸಭೆಯಲ್ಲಿ ಓದಿ ಒಪ್ಪಿಸಬೇಕು. ಜಾಗವನ್ನು ಮಣ್ಣು ಪರೀಕ್ಷಿಸಿ, ಹಿರಿಯರನ್ನು ಕೇಳಿ ಆಯಬೇಕು. ನಕ್ಷೆಯ ಬಗ್ಗೆ ಮನೆಯ ಹೆಂಗಸರ ಮಾತು ಕೇಳಬೇಕು. ಸರ್ಕಾರದ ವಸತಿ ಯೋಜನೆಗಳಲ್ಲಿ ಮನೆ ಸಾಮಾನ್ಯವಾಗಿ ಮಂಜೂರಾಗುವುದು ಅವರ ಹೆಸರಿಗೇ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ಕೇಂದ್ರವು ಸ್ವಲ್ಪ ಸಿಮೆಂಟು ಬೆರೆಸಿ ಒತ್ತಿದ ಮಣ್ಣಿನ ಇಟ್ಟಿಗೆಯನ್ನು ಬಳಕೆಗೆ ತಂದಿತು. ಮಲೆನಾಡಿನ ಕೆಂಪು ಮಣ್ಣಿಗೆ ಅದು ಒಗ್ಗುತ್ತದೆ, ಎರೆಮಣ್ಣಿಗೆ ಹಾಗೆಯೇ ಒಗ್ಗದು. ಅಲ್ಲಿಗೆ ಕಲ್ಲು ಮತ್ತು ಗರಸೇ ಲೇಸು. ಅಗ್ಗದ ಮನೆಗೆ ಎಲ್ಲೆಡೆಯೂ ನಡೆಯುವ ಒಂದೇ ನಕ್ಷೆಯಿಲ್ಲ. ಆಯಾ ನೆಲವನ್ನು ಓದಿಕೊಳ್ಳುವುದೇ ಅಗ್ಗದ ದಾರಿ.

ವಿದ್ಯಾರ್ಥಿಗಳು ಇದೇ ರಜೆಯಲ್ಲಿ ಆರಂಭಿಸಬಹುದಾದ ಕೆಲಸವೊಂದಿದೆ. ತಮ್ಮ ಊರಿನಲ್ಲಿ ಯಾರ ಮನೆಗೆ ಕಾಗದವಿಲ್ಲ, ಯಾರ 94-ಸಿ ಅರ್ಜಿ ಎಲ್ಲಿ ನಿಂತಿದೆ, ಯಾರ ಮನೆಯ ಹಿಂದಿನ ಧರೆ ಬಿರುಕು ಬಿಟ್ಟಿದೆ ಎಂಬುದನ್ನು ಮನೆಮನೆಗೆ ಹೋಗಿ ಬರೆದುಕೊಂಡು, ಮುಂದಿನ ಗ್ರಾಮಸಭೆಯಲ್ಲಿ ಗಟ್ಟಿಯಾಗಿ ಓದಿರಿ. ಗೋಡೆ ಬಿದ್ದ ಮೇಲೆ ಬರುವ ದಾನಕ್ಕಿಂತ ಬೀಳುವ ಮೊದಲೇ ಸಭೆಯ ನಡಾವಳಿಯಲ್ಲಿ ದಾಖಲಾದ ಒಂದು ಹೆಸರು ಹೆಚ್ಚು ಬಾಳುತ್ತದೆ.