ಬ್ರದರ್ ಮೊಸ್ಕೇನಿ ಬರೆದ ಚಿತ್ರ ಯಾರದ್ದು?

ಅಂಧೇರಿಯ ಸೀಪ್ಝ್‌ನಲ್ಲಿ ಕೆಲಸ ಮಾಡೋರು ಇಲ್ಲಿ ಸುಮಾರು ಜನ ಇದ್ದೀರಿ. ನಮ್ಮ ಆಫೀಸುಗಳ ನಡುವೆ ಒಂದು ಪಾಳುಬಿದ್ದ ಚರ್ಚ್ ಇದೆಯಲ್ಲ, ಅದನ್ನ 1579ರಲ್ಲಿ ಜೆಸ್ವಿಟರು ಕಟ್ಟಿದ್ದು. 1840ರ ಸುಮಾರಿಗೆ ಸಾಂಕ್ರಾಮಿಕ ರೋಗ ಬಂದು ಊರವರು ಬಿಟ್ಟುಹೋದರು. ಆ ಗೋಡೆ ನೋಡಿದಾಗಲೆಲ್ಲ ನನಗೆ ಒಂದೇ ಪ್ರಶ್ನೆ: ಸನ್ಯಾಸಿಯ ಕೈಕೆಲಸ ಕೊನೆಗೆ ಯಾರಿಗೆ ಸೇರುತ್ತೆ?

ಇದಕ್ಕೆ ಒಳ್ಳೆ ಉದಾಹರಣೆ ನಮ್ಮ ಮಂಗಳೂರಲ್ಲೇ ಇದೆ. ಸಂತ ಅಲೋಶಿಯಸ್ ಚಾಪೆಲ್ ನೋಡಿದ್ದೀರಾ? ಗೋಡೆ, ಛಾವಣಿ ಎಲ್ಲ ಚಿತ್ರ. ಬರೆದವರು ಅಂತೋನಿಯೊ ಮೊಸ್ಕೇನಿ, ಇಟಲಿಯ ಬೆರ್ಗಾಮೊ ಕಡೆಯವರು, 1854ರಲ್ಲಿ ಹುಟ್ಟಿದ್ದು. ಚಿತ್ರಕಲೆ ಕಲಿತು, ಪಳಗಿ, 1889ರಲ್ಲಿ ಜೆಸ್ವಿಟ್ ಸಂಸ್ಥೆ ಸೇರಿದರು. ಪಾದ್ರಿಯಾಗಿ ಅಲ್ಲ, ಬ್ರದರ್ ಆಗಿ. ಅಡುಗೆ, ಹೊಲಿಗೆ, ಮರಗೆಲಸ, ಚಿತ್ರ ಇವೆಲ್ಲ ಬ್ರದರ್‌ಗಳ ಪಾಲು. 1899ರಿಂದ 1901ರವರೆಗೆ ಚಾಪೆಲ್ ಕೆಲಸ. ಫ್ರೆಸ್ಕೊ ಅಂದ್ರೆ ಹಸಿ ಸುಣ್ಣದ ಗಾರೆ ಮೇಲೆ ಬಣ್ಣ. ಗಾರೆ ಒಣಗೋ ಮೊದಲು ಆ ದಿನದ ಭಾಗ ಮುಗೀಬೇಕು. ನಮ್ಮ ಕಂಟ್ರೋಲ್ ಝಡ್ ಅಲ್ಲಿ ನಡೆಯಲ್ಲ. 1905ರಲ್ಲಿ ಕೊಚ್ಚಿಯಲ್ಲಿ ತೀರಿಕೊಂಡರು.

ಜೆಸ್ವಿಟರು ಮಠದೊಳಗೇ ಉಳಿಯೋ ಸನ್ಯಾಸಿಗಳಲ್ಲ, ಆದರೆ ಈ ವಿಚಾರದ ಬೇರು ಮಠದಲ್ಲೇ ಇದೆ. ಆರನೇ ಶತಮಾನದ ಸಂತ ಬೆನೆಡಿಕ್ಟ್ ನಿಯಮಾವಳಿಯ 57ನೇ ಅಧ್ಯಾಯ ಪೂರ್ತಿ ಕುಶಲಕರ್ಮಿಗಳದ್ದು. ತನ್ನ ಕಸುಬಿಂದಲೇ ಮಠಕ್ಕೆ ಲಾಭ ಅಂತ ಯಾರಾದರೂ ಬೀಗಿದರೆ, ಅವನನ್ನ ಆ ಕೆಲಸದಿಂದಲೇ ತೆಗೀಬೇಕು. ಮಾರುವಾಗ ಹೊರಗಿನವರಿಗಿಂತ ಸ್ವಲ್ಪ ಕಮ್ಮಿ ಬೆಲೆ ಇಡಬೇಕು. ಇವತ್ತಿನ ಅಪ್ರೈಸಲ್‌ನಲ್ಲಿ ಹೀಗೆ ಮಾಡಿದ್ರೆ ಅರ್ಧ ಟೀಮ್ ಖಾಲಿ!

1983ರ ಧರ್ಮಸಭೆಯ ಕಾನೂನು, 668ನೇ ವಿಧಿ, ನೇರವಾಗಿ ಹೇಳುತ್ತೆ: ಸನ್ಯಾಸಿ ತನ್ನ ದುಡಿಮೆಯಿಂದ ಗಳಿಸಿದ್ದು ಸಂಸ್ಥೆಗೆ ಸೇರಿದ್ದು. ನಾನು ಬರೆದ ಕೋಡ್ ಕಂಪನಿಯದ್ದು ಅಂತ ನನ್ನ ಆಫರ್ ಲೆಟರ್‌ನಲ್ಲೂ ಇದೆ. ಆದರೆ ನನಗೆ ತಿಂಗಳಿಗೆ ಸಂಬಳ ಬರುತ್ತೆ, ಬಿಟ್ಟರೆ ಪಿಎಫ್ ಕೈಗೆ ಸಿಗುತ್ತೆ. ಅನುದಾನಿತ ಶಾಲೆಯಲ್ಲಿ ಪಾಠ ಮಾಡೋ ಸಿಸ್ಟರ್‌ಗಳ, ಪಾದ್ರಿಗಳ ಸಂಬಳ ಸಂಸ್ಥೆಗೇ ಹೋಗುತ್ತೆ, ಹಾಗಾಗಿ ತೆರಿಗೆ ಹಿಡೀಬಾರದು ಅನ್ನೋ ವಾದ 2024ರಲ್ಲಿ ಸುಪ್ರೀಂ ಕೋರ್ಟ್‌ನಲ್ಲಿ ಬಿದ್ದುಹೋಯಿತು. ತೆರಿಗೆ ಲೆಕ್ಕಕ್ಕೆ ಅದು ಅವರದೇ ಸಂಬಳ.

ಇನ್ನು 702ನೇ ವಿಧಿ. ಸಂಸ್ಥೆ ಬಿಟ್ಟು ಹೊರಗೆ ಬಂದವರು ಅಲ್ಲಿ ಮಾಡಿದ ಕೆಲಸಕ್ಕೆ ಏನನ್ನೂ ಕೇಳೋ ಹಾಗಿಲ್ಲ. ಸಂಸ್ಥೆ ಮಾತ್ರ ನ್ಯಾಯ, ದಯೆಯಿಂದ ನಡ್ಕೋಬೇಕು ಅಂತಿದೆ. ಎಷ್ಟು ಕೊಡಬೇಕು ಅಂತ ಮಾತ್ರ ಇಲ್ಲ. ಇಪ್ಪತ್ತು ವರ್ಷ ಪಾಠ ಮಾಡಿ, ಹೊಲಿದು, ಐವತ್ತರಲ್ಲಿ ಹೊರಗೆ ಬರೋ ಹೆಂಗಸಿಗೆ ಆ ಮೊತ್ತವನ್ನ ಬರೆದಿಡಬೇಕು ಅನ್ನೋದು ನನ್ನ ಅಭಿಪ್ರಾಯ. ಒಪ್ಪದವರು ಈಗ ಕೈ ಎತ್ತಿ, ಮಾತಾಡೋಣ.