ದೂರವಾಣಿಯ ಮಾತಿಗೆ ಕನ್ನಡದ ಮಾತು

ಹೊಸ ಯಂತ್ರವೊಂದು ಬಂದಾಗ ಅದರೊಡನೆ ಹೊಸ ಶಬ್ದಗಳ ದಂಡೂ ಬರುತ್ತದೆ. ಅವಕ್ಕೆಲ್ಲ ಸಂಸ್ಕೃತದ ಉಡುಗೆ ತೊಡಿಸಬೇಕೆಂಬುದು ಒಂದು ಪಕ್ಷ. ಬಂದದ್ದನ್ನು ಬಂದಂತೆಯೇ ಇಟ್ಟುಕೊಳ್ಳೋಣವೆಂಬುದು ಇನ್ನೊಂದು ಪಕ್ಷ. ಕನ್ನಡ ಪಾಠ ಹೇಳುವವನಿಗೆ ಮೊದಲನೆಯದರಲ್ಲೇ ಒಲವೆಂದು ತಾವು ಊಹಿಸಬಹುದು. ಆದರೆ ಶಬ್ದದ ಕುಲವನ್ನು ವಿಚಾರಿಸುವ ಮುನ್ನ ಅದು ಮಾಡುವ ಕೆಲಸವನ್ನು ನೋಡುವುದು ಮೇಲು.

ನಮ್ಮ ತಲಘಟ್ಟಪುರದಲ್ಲಿ ರಾಜ್ಯದ ರೇಷ್ಮೆ ಸಂಶೋಧನಾ ಸಂಸ್ಥೆಯಿದೆ. ಹುಳು ಪೊರೆ ಕಳಚುವ ಹೊತ್ತನ್ನು ರೇಷ್ಮೆ ಬೆಳೆಗಾರರು 'ಜ್ವರ' ಎನ್ನುತ್ತಾರೆ. ಗೂಡು ಕಟ್ಟಲು ಸಿದ್ಧವಾದದ್ದು 'ಹಣ್ಣಾದ ಹುಳು'. ಅದನ್ನು ಬಿಡುವ ಬಿದಿರಿನ ತಟ್ಟಿ 'ಚಂದ್ರಿಕೆ'. ಜ್ವರದಲ್ಲಿ ಸೊಪ್ಪು ಹಾಕಬಾರದು, ಹಣ್ಣಾದೊಡನೆ ಚಂದ್ರಿಕೆಗೆ ಬಿಡಬೇಕು. ಶಬ್ದ ಬೇರೆಯಾದರೆ ಮಾಡಬೇಕಾದ ಕೆಲಸವೂ ಬೇರೆ.

ಇನ್ನು ದೂರವಾಣಿಯ ವಿಷಯಕ್ಕೆ ಬರೋಣ. 1948ರಲ್ಲಿ ಸ್ಥಾಪನೆಯಾದ ದೂರವಾಣಿ ಕಾರ್ಖಾನೆಯ ಸುತ್ತ ಬೆಂಗಳೂರಿನಲ್ಲಿ ದೂರವಾಣಿನಗರವೇ ಬೆಳೆಯಿತು. ಆ ಹೆಸರು ಎಲ್ಲರ ಬಾಯಲ್ಲೂ ನಿಂತಿತು. ಆದರೆ ಕನಕಪುರ ರಸ್ತೆಯ ಕಚೇರಿಯೊಂದರಲ್ಲಿ ಉಪಕರಣ ಕೆಟ್ಟರೆ ಇಂದಿಗೂ ಕೇಳಿಬರುವುದು ಒಂದೇ ಮಾತು: 'ಫೋನು ಸರಿಯಿಲ್ಲ.' ಇಷ್ಟರಿಂದ ದುರಸ್ತಿ ಮಾಡುವವನಿಗೆ ಏನು ತಿಳಿದೀತು?

ಮೊದಲು ಎರಡು ಶಬ್ದಗಳನ್ನು ಬೇರ್ಪಡಿಸೋಣ. ಕಚೇರಿಯೊಳಗಿನ ಒಂದೊಂದು ಮೇಜಿಗೆ ಕೊಡುವ ಎಕ್ಸ್‌ಟೆನ್ಷನ್ನಿಗೆ 'ಒಳಸಂಖ್ಯೆ' ಎನ್ನಬಹುದು. ಕಚೇರಿಯಿಂದ ಹೊರಜಗತ್ತಿಗೆ ಹೋಗುವ ಟ್ರಂಕಿಗೆ 'ಹೊರದಾರಿ' ಎನ್ನೋಣ. ಟ್ರಂಕು ಎಂದೊಡನೆ ನಮ್ಮ ಮನೆಗಳಲ್ಲಿ ನೆನಪಾಗುವುದು ತಗಡಿನ ಪೆಟ್ಟಿಗೆ! ಹಲವು ಕಚೇರಿಗಳು ಪಡೆಯುವ ಒಂದು ಡಿಜಿಟಲ್ ಸಂಪರ್ಕದಲ್ಲಿ ಏಕಕಾಲಕ್ಕೆ 30 ಕರೆಗಳಿಗೆ ಅವಕಾಶ. ಒಳಸಂಖ್ಯೆಗಳು 100 ಇದ್ದರೂ 31ನೆಯ ಹೊರಕರೆಗೆ ದಾರಿಯಿಲ್ಲ. ಈ ಭೇದವನ್ನರಿಯದ ಯಜಮಾನರು ಹೊರದಾರಿ ಸಾಲದಿರುವಾಗ ಹೊಸ ಉಪಕರಣಗಳನ್ನು ಕೊಂಡು ಹಣ ಕಳೆದುಕೊಳ್ಳುತ್ತಾರೆ.

ಈಗ ಅನೇಕ ಕಚೇರಿಗಳ ಮಾತು ಇಂಟರ್ನೆಟ್ಟಿನ ಮೂಲಕ ಸಾಗುತ್ತದೆ. ಧ್ವನಿಯನ್ನು ಸಾಮಾನ್ಯವಾಗಿ ಸೆಕೆಂಡಿನ ಐವತ್ತನೆಯ ಒಂದು ಭಾಗದಷ್ಟು ಚಿಕ್ಕ ತುಣುಕುಗಳಾಗಿ ಕತ್ತರಿಸಿ, ಒಂದೊಂದನ್ನೂ ಪ್ಯಾಕೆಟ್ಟಿನಲ್ಲಿಟ್ಟು ಕಳಿಸುತ್ತಾರೆ. ಪ್ಯಾಕೆಟ್ ಎಂಬ ಮಾತು ಅಂಗಡಿಯಿಂದಲೇ ನಮಗೆ ಪರಿಚಿತ. ಅದು ಹಾಗೆಯೇ ಇರಲಿ. ದಾರಿಯಲ್ಲಿ ಇವಕ್ಕೆ ಮೂರು ಬಗೆಯ ತೊಂದರೆಗಳು ಬರುತ್ತವೆ.

ಎಲ್ಲವೂ ನಿಧಾನವಾಗಿ ತಲುಪಿದರೆ ಅದು 'ತಡ'. ಒಂದು ಕಡೆಯಿಂದ ಇನ್ನೊಂದು ಕಡೆಗೆ 150 ಮಿಲಿಸೆಕೆಂಡಿನೊಳಗೆ ಮಾತು ಮುಟ್ಟಿದರೆ ಸಂಭಾಷಣೆ ಸುಗಮವೆಂದು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ ಹೇಳುತ್ತದೆ. ಅದಕ್ಕಿಂತ ಬಹಳ ಹೆಚ್ಚಾದರೆ ಇಬ್ಬರೂ ಒಟ್ಟಿಗೆ ಮಾತಾಡಿ, ಇಬ್ಬರೂ ಒಟ್ಟಿಗೆ ಸುಮ್ಮನಾಗುತ್ತಾರೆ. ಕೆಲವು ಬೇಗ, ಕೆಲವು ನಿಧಾನವಾಗಿ ಬಂದರೆ ಅದು 'ಏರುಪೇರು'. ಮಾತು ತೊದಲಿದಂತೆ ಕೇಳಿಸುತ್ತದೆ. ಕೆಲವು ತಲುಪದೆಯೇ ಹೋದರೆ ಅದು 'ಲೋಪ'.

ಲೋಪವೆಂಬುದು ನಮ್ಮ ವ್ಯಾಕರಣದ ಶಬ್ದವೇ. 'ಊರು' ಮತ್ತು 'ಅಲ್ಲಿ' ಸೇರಿ 'ಊರಲ್ಲಿ' ಆಗುವಾಗ ಉಕಾರ ಲೋಪವಾಗುತ್ತದೆಯೆಂಬುದನ್ನು ಶಾಲೆಯ ಮಕ್ಕಳೂ ಬಲ್ಲರು. ಅಲ್ಲಿ ಅಕ್ಷರ ಹೋದರೂ ಅರ್ಥ ಉಳಿಯುತ್ತದೆ. ದೂರವಾಣಿಯ ಲೋಪದಲ್ಲಿ ಅರ್ಥವೇ ಹೋಗುತ್ತದೆ: ಸಾಲಾಗಿ ಹತ್ತಾರು ಪ್ಯಾಕೆಟ್ಟುಗಳು ಕಳೆದರೆ 'ಹದಿನೈದು ಚೀಲ' ಎಂದದ್ದು 'ಐದು ಚೀಲ' ಎಂದು ಕೇಳಿಸೀತು. ವ್ಯಾಪಾರದಲ್ಲಿ ಹತ್ತು ಚೀಲದ ನಷ್ಟ ಸಣ್ಣದಲ್ಲ.

ಆದ್ದರಿಂದ ಮುಂದೆ ದೂರು ಕೊಡುವಾಗ ಹೀಗೆ ವಿಚಾರಿಸಿಕೊಳ್ಳಿ: ಹೊರಗೆ ಕರೆಯೇ ಹೋಗುತ್ತಿಲ್ಲವೆ? ಹೋದ ಕರೆಯಲ್ಲಿ ತಡವೋ, ಏರುಪೇರೋ, ಲೋಪವೋ? ದಿನದ ಯಾವ ಹೊತ್ತಿನಲ್ಲಿ? ಇದನ್ನೊಂದು ಚೀಟಿಯಲ್ಲಿ ಬರೆದು ಕಚೇರಿಯ ಉಪಕರಣದ ಪಕ್ಕದಲ್ಲಿ ಅಂಟಿಸಿದರೆ, ಕರೆ ಸ್ವೀಕರಿಸುವ ಹುಡುಗಿಯೂ ಇಂಗ್ಲಿಷಿನ ಹಂಗಿಲ್ಲದೆ ದೋಷವನ್ನು ಖಚಿತವಾಗಿ ತಿಳಿಸಬಲ್ಲಳು. ಇವಕ್ಕಿಂತ ಒಳ್ಳೆಯ ಮಾತುಗಳು ತಮಗೆ ತೋಚಿದರೆ ಅವನ್ನೇ ಬಳಸಿ. ಒಂದೊಂದು ದೋಷಕ್ಕೂ ಬೇರೆಬೇರೆ ಹೆಸರಿದ್ದರೆ ಸಾಕು.