ಬೈಗುಳವಾದ ದೊರೆತನ

ಸೊಫೋಕ್ಲೀಸನ ನಾಟಕವನ್ನು ಪಿ. ಲಂಕೇಶ್ ಕನ್ನಡಕ್ಕೆ ತಂದಾಗ ಅದು ‘ದೊರೆ ಈಡಿಪಸ್’ ಆಯಿತು. ಗ್ರೀಕಿನಲ್ಲಿ ಆ ನಾಟಕದ ಹೆಸರು ‘ಈಡಿಪಸ್ ತುರನ್ನೋಸ್’. ಇಂಗ್ಲಿಷಿನ ಟೈರಂಟ್, ಟಿರನಿ ಎರಡೂ ಹುಟ್ಟಿದ್ದು ಈ ತುರನ್ನೋಸ್‌ನಿಂದಲೇ. ಈಗ ನಿಘಂಟು ತೆರೆದರೆ ಟೈರಂಟ್ ಅಂದರೆ ಪ್ರಜಾಪೀಡಕ, ಕ್ರೂರಿ. ಹಾಗಾದರೆ ‘ದೊರೆ’ ಎಂಬುದು ತಪ್ಪು ಅನುವಾದವೇ? ಖಂಡಿತ ಅಲ್ಲ. ಈ ಒಂದು ಪದದ ಬೆನ್ನು ಹತ್ತಿ ನಾನು ಎಷ್ಟೋ ವರ್ಷ ಕಳೆದಿದ್ದೇನೆ; ಅದರ ಕಥೆಯನ್ನು ನಿಮಗೆ ಹೇಳಲೇಬೇಕು.

ತುರನ್ನೋಸ್ ಗ್ರೀಕರ ಮನೆಮಾತೇ ಅಲ್ಲ. ಏಷ್ಯಾ ಮೈನರ್ ಕಡೆಯಿಂದ, ಅಂದರೆ ಇಂದಿನ ಟರ್ಕಿಯ ಕಡೆಯಿಂದ, ಬಂದದ್ದು ಅನ್ನುತ್ತಾರೆ. ವಂಶದ ಹಕ್ಕಿಲ್ಲದೆ, ಕಾನೂನಿನ ಒಪ್ಪಿಗೆಯಿಲ್ಲದೆ, ಸ್ವಂತ ಬಲದಿಂದ ಗದ್ದುಗೆ ಹಿಡಿದವನು ತುರನ್ನೋಸ್. ಅವನು ಒಳ್ಳೆಯವನೋ ಕೆಟ್ಟವನೋ ಎಂಬುದನ್ನು ಆ ಪದ ಹೇಳುತ್ತಿರಲಿಲ್ಲ.

ಅಥೆನ್ಸಿನ ಪಿಸಿಸ್ಟ್ರಾಟಸ್‌ನನ್ನೇ ನೋಡಿ. ಕ್ರಿ.ಪೂ. 560ರ ಸುಮಾರಿಗೆ, ತನ್ನ ಮೈಗೂ ಗಾಡಿಯ ಹೇಸರಗತ್ತೆಗಳಿಗೂ ತಾನೇ ಗಾಯ ಮಾಡಿಕೊಂಡು, ಸಂತೆ ಬಯಲಿಗೆ ಗಾಡಿ ಓಡಿಸಿಕೊಂಡು ಬಂದ. ವೈರಿಗಳು ಕೊಲ್ಲಲು ನೋಡಿದರು, ನನಗೆ ಕಾವಲು ಕೊಡಿ ಎಂದು ಬೇಡಿದ. ಜನ ಮರುಗಿ ದೊಣ್ಣೆ ಹಿಡಿದ ಆಳುಗಳನ್ನು ಕೊಟ್ಟರು. ಆ ಆಳುಗಳನ್ನೇ ಕಟ್ಟಿಕೊಂಡು ಅವನು ಅಕ್ರೊಪೊಲಿಸ್ ಕೋಟೆಯೇರಿ ಕೂತ! ಎರಡು ಸಲ ಓಡಿಸಿದರು, ಎರಡು ಸಲವೂ ಮರಳಿ ಬಂದ. ಒಮ್ಮೆಯಂತೂ ಎತ್ತರದ ಹೆಣ್ಣೊಬ್ಬಳಿಗೆ ಕವಚ ತೊಡಿಸಿ ರಥದಲ್ಲಿ ನಿಲ್ಲಿಸಿ, ಅಥೀನಾ ದೇವಿಯೇ ಇವನನ್ನು ಕರೆತರುತ್ತಿದ್ದಾಳೆ ಎಂದು ಊರೆಲ್ಲ ಸಾರಿಸಿದ.

ಹೀಗೆ ಮೋಸದಿಂದ ಬಂದವನು ಆಳಿದ್ದು ಮಾತ್ರ ಚೆನ್ನಾಗಿಯೇ. ಬಡ ರೈತರಿಗೆ ಸಾಲ ಕೊಟ್ಟ, ನ್ಯಾಯಾಧೀಶರನ್ನು ಹಳ್ಳಿಗಳಿಗೇ ಕಳಿಸಿದ. ಅರಿಸ್ಟಾಟಲನ ಹೆಸರಿನಲ್ಲಿ ಉಳಿದಿರುವ ಅಥೆನ್ಸಿನ ಆಡಳಿತದ ಗ್ರಂಥದಲ್ಲಿ ನನಗೆ ತುಂಬ ಹಿಡಿಸಿದ ಪ್ರಸಂಗವೊಂದಿದೆ. ಹಿಮೆಟ್ಟಸ್ ಬೆಟ್ಟದ ಕಡೆ ಒಬ್ಬ ರೈತ ಕಲ್ಲೇ ತುಂಬಿದ ನೆಲವನ್ನು ಅಗೆಯುತ್ತಿದ್ದ. ಅದನ್ನು ಕಂಡ ಪಿಸಿಸ್ಟ್ರಾಟಸ್ ಆಳನ್ನು ಕಳಿಸಿ, ಇಲ್ಲಿ ಏನಪ್ಪಾ ಬೆಳೆಯುತ್ತೀಯ ಎಂದು ಕೇಳಿಸಿದ. ಕೇಳುತ್ತಿರುವುದು ಯಾರ ಆಳು ಎಂದು ರೈತನಿಗೆ ಗೊತ್ತಿಲ್ಲ. ಬೆಳೆಯುವುದು ನೋವು, ಸಂಕಟ. ಅದರಲ್ಲೂ ಹತ್ತರಲ್ಲೊಂದು ಪಾಲು ಪಿಸಿಸ್ಟ್ರಾಟಸ್‌ಗೆ ಹೋಗಬೇಕು ಅಂದುಬಿಟ್ಟ. ದೊರೆ ಸಿಟ್ಟಾಗಲಿಲ್ಲ, ಆ ಹೊಲದ ಕಂದಾಯವನ್ನೇ ಮನ್ನಾ ಮಾಡಿದ.

ಈ ಪ್ರಸಂಗ ಓದಿದಾಗಲೆಲ್ಲ ನನಗೆ ಖುಷಿಯಾಗುತ್ತದೆ, ಆಮೇಲೆ ಭಯವಾಗುತ್ತದೆ. ಆ ಹೊತ್ತು ದೊರೆಯ ಮನಸ್ಸು ಬೇರೆ ಇದ್ದಿದ್ದರೆ ರೈತನನ್ನು ಕಾಯುವವರು ಯಾರಿದ್ದರು?

ಅದಕ್ಕೆ ಉತ್ತರ ಮಗನ ಕಾಲದಲ್ಲಿ ಸಿಕ್ಕಿತು. ಪಿಸಿಸ್ಟ್ರಾಟಸ್ ಕ್ರಿ.ಪೂ. 527ರಲ್ಲಿ ಸತ್ತ; ಮಗ ಹಿಪ್ಪಿಯಸ್ ಪಟ್ಟಕ್ಕೆ ಬಂದ. 514ರಲ್ಲಿ ತಮ್ಮ ಹಿಪ್ಪಾರ್ಕಸ್‌ನ ಕೊಲೆಯಾದದ್ದೇ ತಡ, ಹಿಪ್ಪಿಯಸ್‌ಗೆ ಎಲ್ಲರ ಮೇಲೂ ಅನುಮಾನ, ಎಲ್ಲರ ಮೇಲೂ ಕತ್ತಿ. 510ರಲ್ಲಿ ಸ್ಪಾರ್ಟಾದವರ ನೆರವಿನಿಂದ ಅವನನ್ನು ಓಡಿಸಿದರು. ತುರನ್ನೋಸ್ ಎಂಬ ಪದ ಅಥೆನ್ಸಿನ ಬಾಯಲ್ಲಿ ಕಹಿಯಾಗುತ್ತ ಹೋಯಿತು. ಪ್ಲೇಟೋ, ಅರಿಸ್ಟಾಟಲ್ ಅದನ್ನು ಪೂರಾ ಬೈಗುಳವಾಗಿಸಿದರು. ಅಲ್ಲಿಂದ ಲ್ಯಾಟಿನ್, ಫ್ರೆಂಚ್, ಇಂಗ್ಲಿಷ್. 1776ರಲ್ಲಿ ಅಮೆರಿಕದವರು ಮೂರನೇ ಜಾರ್ಜ್ ದೊರೆಯ ಮೇಲೆ ಎಸೆದದ್ದೂ ಇದೇ ಪದವನ್ನು.

ಟಿರನಿಗೆ ನಾವು ಸಾಮಾನ್ಯವಾಗಿ ದಬ್ಬಾಳಿಕೆ ಅನ್ನುತ್ತೇವೆ. ಆ ಪದದಲ್ಲಿ ಬಿದ್ದ ಏಟು ಕಾಣುತ್ತದೆ, ಏಟಿಗೆ ಮೊದಲು ನಡೆದದ್ದು ಕಾಣುವುದಿಲ್ಲ. ನನಗೆ ನಿರಂಕುಶ ಎಂಬುದೇ ಸರಿಯೆನಿಸುತ್ತದೆ. ಮಾವುತನ ಕೈಯಲ್ಲಿ ಅಂಕುಶವಿಲ್ಲ. ಆನೆ ಸಾಧುವೇ ಇರಬಹುದು, ಮಕ್ಕಳ ತಲೆಯ ಮೇಲೆ ಸೊಂಡಿಲಿಟ್ಟು ಹರಸಲೂಬಹುದು. ಮದವೇರಿದ ದಿನ ತಡೆಯಲು ಮಾತ್ರ ಏನೂ ಇಲ್ಲ. ಇದೇ ಪದವನ್ನು ಕುವೆಂಪು ‘ಆತ್ಮಶ್ರೀಗಾಗಿ ನಿರಂಕುಶಮತಿಗಳಾಗಿ’ ಎಂದು ಯುವಜನರಿಗೆ ಕರೆ ಕೊಡುವಾಗ ಎಷ್ಟು ಎತ್ತರಕ್ಕೆ ಏರಿಸಿದರು! ಅಲ್ಲಿ ಅಂಕುಶ ಕಳಚಬೇಕಾದದ್ದು ಬುದ್ಧಿಯ ಮೇಲಿನಿಂದ, ಗದ್ದುಗೆಯ ಮೇಲಿನಿಂದಲ್ಲ. ಇಷ್ಟು ಒಳ್ಳೆಯ ಪದವನ್ನು ನಾವು ಪತ್ರಿಕೆಯ ತಲೆಬರಹಗಳಲ್ಲಿ ಸವೆಸಿಬಿಟ್ಟೆವಲ್ಲ ಎಂದು ನನಗೆ ನೋವಿದೆ.

ಹಿಪ್ಪಿಯಸ್ ಏನಾದ ಎಂದು ಹೇಳದೆ ಏಳಲಾರೆ. ಅವನು ಪರ್ಷಿಯಾದ ಆಶ್ರಯ ಸೇರಿದ. ಕ್ರಿ.ಪೂ. 490ರಲ್ಲಿ ಪರ್ಷಿಯಾದ ಸೈನ್ಯಕ್ಕೆ ದಾರಿ ತೋರಿಸುತ್ತ ಮ್ಯಾರಥಾನ್ ದಂಡೆಗೆ ಬಂದಿಳಿದ. ಆಗ ಮುದುಕ, ಹಲ್ಲುಗಳೆಲ್ಲ ಅಲ್ಲಾಡುತ್ತಿದ್ದವು. ಹೆರೊಡೋಟಸ್ ಹೇಳುವ ಪ್ರಕಾರ, ಸೀನು ಕೆಮ್ಮು ಒಟ್ಟಿಗೇ ಬಂದು ಒಂದು ಹಲ್ಲು ಮರಳಿಗೆ ಬಿತ್ತು. ಎಷ್ಟು ಹುಡುಕಿದರೂ ಸಿಗಲಿಲ್ಲ. ಈ ನೆಲದಲ್ಲಿ ನನಗಿದ್ದ ಪಾಲು ಆ ಹಲ್ಲಿಗೇ ಸಂದುಹೋಯಿತು ಎಂದು ನಿಟ್ಟುಸಿರಿಟ್ಟ. ಅಥೆನ್ಸಿನ ಗದ್ದುಗೆ ಅವನಿಗೆ ಮತ್ತೆ ಸಿಗಲಿಲ್ಲ.